ನೀರೆರೆದ ಹುಂಜ

ನಂಜುಂಡನ್ ಕ್ರೂರಿ. ಬಡತನ, ಕಷ್ಟ ಎಂದು ಸಮಜಾಯಿಷಿ ಹೇಳುವವರು ಹೇಳಲಿ. ಡಾಕ್ಟರ್ ಸುಪ್ರೀತಾಗೆ ಈ ವಿಷಯದಲ್ಲಿ ಸಂಶಯವಿರಲಿಲ್ಲ.

ತಮಿಳುನಾಡಿನ ಪಲ್ಲಡದ ಹೊರವಲಯದ ಕೋಳಿರೋಗ ಸಂಶೋಧನಾ ಕೇಂದ್ರಕ್ಕೆ ಅವಳು ದಾವಣಗೆರೆಯಿಂದ ಬಂದವಳು. ನಂಜುಂಡನ್ ಅಲ್ಲಿನ ಪ್ರಾಣಿಮನೆಯ ಆಳು. ಹಿಂದಿನವರೆಲ್ಲ ನೇಯ್ಗೆಯವರು, ಕೈಮಗ್ಗ ಮೂಲೆಗೆ ಬಿದ್ದಮೇಲೆ ಇವನು ಕೋಳಿ ಕೆಲಸಕ್ಕೆ ಬಿದ್ದ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಪ್ರಯೋಗ ಮುಗಿದ ಕೋಳಿಗಳನ್ನು ಕೊಲ್ಲುವುದು ಅವನ ಪಾಲಿನ ಕೆಲಸ. ಎಡಗೈಯಲ್ಲಿ ಕಾಲು, ಬಲಗೈಯಲ್ಲಿ ಕತ್ತು, ಒಂದೇ ತಿರುವು. ಕುಕ್ಕಿದ ಕೋಳಿಯನ್ನು ಗೋಡೆಗೆ ಅಪ್ಪಳಿಸಿದ್ದನ್ನೂ ಅವಳು ಕಂಡಿದ್ದಳು.

ಮಹಾರಾಷ್ಟ್ರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡ ವರ್ಷ ಕೇಂದ್ರದವರಿಗೆ ಎಚ್ಚರವಾಯಿತು. ತಂತಿಬಲೆಯ ಹಳೆ ಶೆಡ್ಡಿನ ಪಕ್ಕದಲ್ಲೇ ಹೊಸ ಪ್ರಾಣಿಮನೆ ಎದ್ದಿತು. ಅಲ್ಲಿ ಒಳಗಿನ ಗಾಳಿ ಸೋಸದೆ ಹೊರಗೆ ಬರುವಂತಿಲ್ಲ. ಒಂದು ಬಾಗಿಲು ಮುಚ್ಚದೆ ಇನ್ನೊಂದು ತೆರೆಯುವಂತಿಲ್ಲ. ಹೋಗುವಾಗಲೂ ಬರುವಾಗಲೂ ಸ್ನಾನ. ಹಳೆಯದನ್ನು ಕೆಡವುವ ಮೊದಲು ಅಲ್ಲಿದ್ದ ರೋಗದ ಕೋಳಿಗಳನ್ನೆಲ್ಲ ಮುಗಿಸಬೇಕಾಗಿತ್ತು. ಬೆಳಿಗ್ಗೆ ಹೊಕ್ಕ ನಂಜುಂಡನ್ ಊಟದ ಹೊತ್ತಿಗೆ ಹೊರಬಂದ. ಮೊಣಕೈವರೆಗೆ ಪರಚಿದ ರಕ್ತ, ಹುಬ್ಬಿನಲ್ಲಿ ಪುಕ್ಕ. ಅವನ ಹಿಂದೆ, ಜೊತೆಯಾಳು ಭೂಪತಿ ಒಡೆದ ತುಟಿ ಹಿಡಿದುಕೊಂಡು ಬಂದ. ಬಾಗಿಲು ತೆರೆದಿಟ್ಟಿದ್ದನೆಂದು ನಂಜುಂಡನ್ ಮೇವಿನ ತಗಡಿನಿಂದಲೇ ಅವನ ಮುಖಕ್ಕೆ ಬಾರಿಸಿದ್ದ.

"ರೋಗ ಹೊರಗೆ ಓಡಿದ್ರೆ ನಿಮ್ಮಪ್ಪ ಹಿಡ್ಕೊಂಡು ಬರ್ತಾನೇನ್ಡಾ?"

ಹೊಸ ಕಟ್ಟಡಕ್ಕೆ ಇನ್ನೊಂದು ನಿಯಮವಿತ್ತು. ಅಲ್ಲಿ ದುಡಿಯುವವರ ಮನೆಯಲ್ಲಿ ಒಂದು ಕೋಳಿಯೂ ಇರಕೂಡದು. ಇದ್ದರೆ ಕೆಲಸವಿಲ್ಲ. ಐವತ್ತು ದಾಟಿದ ನಂಜುಂಡನಿಗೆ ಬೇರೆ ದಾರಿಯಿರಲಿಲ್ಲ; ಅವನ ಕೈಮಾಡುವ ಗುಣ ಬಲ್ಲವರು ತಿರುಪ್ಪೂರಿನ ಬನಿಯನ್ ಕಂಪನಿಯ ಗೇಟು ಕಾಯಲೂ ಸೇರಿಸಿಕೊಳ್ಳುತ್ತಿರಲಿಲ್ಲ.

ತಪಾಸಣೆಗೆ ಸುಪ್ರೀತಾ ಹೋದಾಗ ಅವನ ಹೆಂಡತಿ ಚಂದ್ರಮ್ಮನ ಕೋಳಿಗಳು ಅಂಗಳದಲ್ಲಿ ಕೆದಕುತ್ತಿದ್ದವು.

"ಬಾಮ್ಮಾ ಡಾಕ್ಟರೇ, ನೋಡು. ಆಫೀಸ್ ಕೋಳಿ ಸಾಲದು ಅಂತ ಈ ಎಮ ನನ್ನ ಕೋಳಿಗೂ ಬಂದವ್ನೆ. ಪಕ್ಕದ ಮನೆಗೆ ಕೊಡ್ತೀನಿ ಅಂದ್ರೆ ಕೇಳಲ್ಲ!"

"ಸಂಜೆಗೆ ತಿರುಗಿ ಇಲ್ಲೇ ಬರ್ತವೆ. ಬಾಯಿ ಮುಚ್ಚು."

ಅವನು ಮೊದಲ ಹೇಂಟೆಯನ್ನು ಹಿಡಿದ. ಚಂದ್ರಮ್ಮ ಅವನ ತೋಳಿಗೆ ಜೋತುಬಿದ್ದಳು. ಒದರಿದ ರಭಸಕ್ಕೆ ಒಗೆಯುವ ಕಲ್ಲಿನ ಮೇಲೆ ಬಿದ್ದು ಅವಳ ಮೊಣಕೈಯ ಚರ್ಮ ಕಿತ್ತುಬಂತು. ಅವನು ತಿರುಗಿಯೂ ನೋಡಲಿಲ್ಲ. ಕತ್ತುಗಳು ಒಂದಾದ ಮೇಲೊಂದು ಲಟಕ್ಕೆಂದವು. ಸತ್ತವು ಅಂಗಳದಲ್ಲಿ ಇನ್ನೂ ರೆಕ್ಕೆ ಬಡಿಯುತ್ತಿದ್ದವು. ನಿಲ್ಲಿಸು ಎಂದು ಸುಪ್ರೀತಾ ಹೇಳಬಹುದಿತ್ತು. ಹೇಳಲಿಲ್ಲ.

ಕೊನೆಗೆ ಉಳಿದದ್ದು ಒಂದು ಕೆಂಪು ಹುಂಜ, ಕರುಪ್ಪಣ್ಣಸಾಮಿಗೆ ಹರಕೆ ಬಿಟ್ಟದ್ದು.

"ಅದು ಸಾಮೀದು," ಎಂದಳು ಚಂದ್ರಮ್ಮ, ಬಿದ್ದಲ್ಲಿಂದಲೇ. "ಅದನ್ನೂ ತಿರುಚ್ತೀಯಾ?"

ನಂಜುಂಡನ್ ಕೈ ತೊಳೆದ. ಒಳಗಿನಿಂದ ಕತ್ತಿ ತಂದ. ಚೊಂಬಿನ ನೀರನ್ನು ಹುಂಜದ ನೆತ್ತಿಗೆ, ಬೆನ್ನಿಗೆ ಎರೆದು ನಿಂತ. ನೀರು ಬಿದ್ದ ಹರಕೆಯ ಪ್ರಾಣಿ ತಾನಾಗಿ ಮೈ ಕೊಡವಿದರೆ ಅದು ಒಪ್ಪಿದಂತೆ, ಸಾಮಿಯೂ ಒಪ್ಪಿದಂತೆ. ಅಲ್ಲಿಯವರೆಗೆ ಕತ್ತಿ ಸೋಕಿಸುವುದಿಲ್ಲ ಆ ಕಡೆಯ ಜನ.

ಹುಂಜ ಕಣ್ಣು ಪಿಳುಕಿಸಿತು. ಕೊಡವಲಿಲ್ಲ. ಮತ್ತೆ ಎರೆದ. ಪುಕ್ಕ ಮೈಗೆ ಅಂಟಿ ಸಣ್ಣಗಾಗಿ ನಿಂತಿತೇ ಹೊರತು ಅಲುಗಲಿಲ್ಲ.

ಸುಪ್ರೀತಾ ಗಡಿಯಾರ ನೋಡಿದಳು. ಅದನ್ನು ಕಂಡು ಚಂದ್ರಮ್ಮನೇ ದನಿ ತಗ್ಗಿಸಿದಳು. "ಕಾಲಿಂದ ಒಂದು ತಟ್ಟು, ಕೊಡವ್ತದೆ. ಊರೆಲ್ಲ ಹಂಗೇ ಮಾಡದು. ಇಲ್ದಿದ್ರೆ ವೇಲೆ ಹೋಗ್ತದೆ, ಇರೋ ಒಂದು ಕೆಲಸ!"

"ತಟ್ಟಿ ಒಪ್ಪಿಸಿದ್ರೆ ಅದು ಒಪ್ಪಿಗೆನಾ?"

ಇನ್ನೊಂದು ಚೊಂಬು ಖಾಲಿಯಾಯಿತು. ನಂಜುಂಡನ್ ಕತ್ತಿಯನ್ನು ಒಗೆಯುವ ಕಲ್ಲಿನ ಮೇಲಿಟ್ಟ.

"ಅದು ಒಪ್ಪಲಿಲ್ಲ ಡಾಕ್ಟರಮ್ಮ. ಕೆಲಸದ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿ."

ಆಮೇಲೆ ಕುಕ್ಕರುಗಾಲಲ್ಲಿ ಕೂತು, ಹೆಗಲ ವಸ್ತ್ರ ತೆಗೆದು, ಹುಂಜದ ಒದ್ದೆ ಕತ್ತನ್ನು ಒರೆಸತೊಡಗಿದ.