ಸ್ವಾಮಿಗಳ ತಾಯಿ

ಮಠದ ಬೀದಿಯ ವಾರಿಜಳಿಗೆ ಬಾಲ್ಯವೆಂದರೆ ಒಂದೇ ಬೆಳಿಗ್ಗೆ. ಅಂದು ದೇವರ ಕೆರೆಯಲ್ಲಿ ಮುಳುಗಿ ಎದ್ದ ಅಣ್ಣ, ಕಾವಿ ಉಟ್ಟು ಸ್ವಾಮಿಗಳಾಗಿ ಮೆಟ್ಟಿಲು ಹತ್ತಿದ. ಹಿಂದಿನ ದಿನವಷ್ಟೇ ಅವಳ ಜಡೆ ಎಳೆದು ಪೆಟ್ಟು ತಿಂದಿದ್ದ, ಅಮ್ಮನ ಬಾಯಲ್ಲಿ ಬರೀ ಮಾಣಿಯಾಗಿದ್ದ ಹುಡುಗ. ಊರಿಗೆ ಊರೇ ಅಡ್ಡಬಿತ್ತು. ಅಮ್ಮನೂ ಸಾಲಿನಲ್ಲಿ ನಿಂತು ಅವನ ಕೈಯಿಂದ ತೀರ್ಥ ತೆಗೆದುಕೊಂಡಳು.

"ಇನ್ನು ಮಾಣಿ ಗೀಣಿ ಅಂತ ಕರೀಬೇಡಿ, ಸ್ವಾಮಿಗಳು ಅನ್ನಿ," ಎಂದಿದ್ದರು ಮಠದ ದಿವಾನರು. ಮುದುಕಿಯಾಗುವವರೆಗೂ ಅಮ್ಮ ಆ ಮಾತು ಮೀರಲಿಲ್ಲ.

ಈಗ ಚಾಪೆ ಹಿಡಿದಿದ್ದ ಅಮ್ಮನ ಜೀವ ಗಂಟಲಲ್ಲಿ ನಿಂತಿತ್ತು. "ಮಾಣಿ ಬಂದನಾ?" ಎಂಬುದೊಂದೇ ಮಾತು. ವಾರಿಜ ಮಠಕ್ಕೆ ಓಡಿದಳು.

"ಪೂರ್ವಾಶ್ರಮದ ಮನೆಗೆ ಸ್ವಾಮಿಗಳು ಹೇಗಮ್ಮ ಬರ್ತಾರೆ?" ಎಂದು ಈಗಿನ ದಿವಾನರು ಬಾಗಿಲಲ್ಲೇ ತಡೆದರು.

"ಹೆತ್ತವಳಿಗೆ ಸನ್ಯಾಸಿಯೂ ನಮಸ್ಕರಿಸಬೇಕು ಅಂತ ನಿಮ್ಮ ಶಾಸ್ತ್ರವೇ ಹೇಳ್ತದಲ್ಲ. ಅದನ್ನು ಒಲೆಗೆ ಹಾಕಿದ್ರಾ?"

ಅವಳ ಕೂಗು ಒಳಗೆ ಜಪಕ್ಕೆ ಕೂತವರಿಗೆ ಕೇಳಿಸಿತು. ಸ್ವಾಮಿಗಳು ದಂಡ ಹಿಡಿದು ಎದ್ದು ಬಂದರು.

ಮನೆಯಲ್ಲಿ ಚಾಪೆಯ ಬಳಿ ಮಂಡಿಯೂರಿ ಅವರು ಅಮ್ಮನ ಪಾದಕ್ಕೆ ಹಣೆ ಹಚ್ಚಿದರು. ಕಾವಿ ಕಂಡದ್ದೇ ಅಮ್ಮ ಕೆಂಡ ತಾಗಿದವಳಂತೆ ಕಾಲೆಳೆದುಕೊಂಡಳು.

"ಬೇಡಿ ಸ್ವಾಮಿ, ನನಗೆ ಪಾಪ ಸುತ್ತಿಕೊಳ್ತದೆ."

"ಅಮ್ಮಾ, ನಾನು ಮಾಣಿ," ಎಂದರು ಸ್ವಾಮಿಗಳು.

ಅಮ್ಮ ಬಲಗೈಯನ್ನು ಗುಳಿ ಮಾಡಿ ತೀರ್ಥಕ್ಕೆ ಚಾಚಿದಳು. ಆಮೇಲೆ ಮಗಳತ್ತ ಹೊರಳಿ ಪಿಸುಗುಟ್ಟಿದಳು:

"ಸ್ವಾಮಿಗಳು ಹೋಗುವವರೆಗೆ ಮಾಣಿಯನ್ನು ಒಳಗೆ ಬಿಡಬೇಡ ಮಾರಾಯ್ತಿ. ಸ್ನಾನ ಮಾಡದೆ ಬಂದು ಅವರನ್ನು ಮುಟ್ಟಿಬಿಟ್ಟಾನು."