ಬದುಕಿದ್ದ ಎಮ್ಮೆಯ ವಿಮೆ

ಕಬ್ಬೂರಿನ ಹಾಲಿನ ಡೈರಿಯಲ್ಲಿ ಧರೆಪ್ಪ ಹಾಲು ಪರೀಕ್ಷೆ ಮಾಡುವ ಕೆಲಸಕ್ಕಿದ್ದ. ಮೂರೆಕರೆ ಕಬ್ಬಿನ ಹೊಲ ಇದ್ದವನು. ಡೈರಿಯ ಸಂಬಳಕ್ಕಿಂತ ಆ ಕೆಲಸದ ಮರ್ಯಾದೆ ಅವನಿಗೆ ದೊಡ್ಡದಾಗಿತ್ತು. ಮುಂಜಾನೆ ಸಾಲುಹಿಡಿದು ನಿಂತವರ ಹಾಲಿನಲ್ಲಿ ಗಾಜಿನ ಕೊಳವೆ ಇಳಿಬಿಡುತ್ತಿದ್ದ. ನೀರು ಬೆರೆತಿದ್ದರೆ ಎಲ್ಲರ ಎದುರಿಗೇ ಹೇಳುತ್ತಿದ್ದ.

"ಬಾವಿ ಹಾಲ ನಮಗ ಬ್ಯಾಡ್ರಿ. ಮನಿಗಿ ಒಯ್ರಿ."

ಹೀಗೆ ಒಮ್ಮೆ ಸ್ವಂತ ಅತ್ತಿಗೆಯ ಹಾಲನ್ನೂ ಹಿಂದಕ್ಕೆ ಕಳಿಸಿದ್ದ. ಅವಳು ಎರಡು ವರ್ಷ ಅವನೊಡನೆ ಮಾತು ಬಿಟ್ಟಳು. ಊರವರು ಮಾತ್ರ "ಧರೆಪ್ಪ ಅಂದ್ರ ಧರೆಪ್ಪ" ಎಂದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನ ನಡಿಗೆಯೇ ಬದಲಾಗುತ್ತಿತ್ತು.

ಅವನ ಮನೆಯಲ್ಲಿ ಬ್ಯಾಂಕಿನ ಸಾಲದಲ್ಲಿ ತಂದ ಒಂದು ಒಳ್ಳೆಯ ಎಮ್ಮೆಯಿತ್ತು. ಬ್ಯಾಂಕಿನವರು ಸಾಲ ಕೊಡುವಾಗಲೇ ಎಮ್ಮೆಗೆ ವಿಮೆ ಮಾಡಿಸಿ, ಅದರ ಕಿವಿಗೆ ನಂಬರಿನ ಬಿಲ್ಲೆ ಹೊಡೆಸಿದ್ದರು. ಎಮ್ಮೆ ಸತ್ತರೆ ಬಿಲ್ಲೆಯಿರುವ ಕಿವಿಯನ್ನು ಕೊಯ್ದು ಚಿಕ್ಕೋಡಿಯ ವಿಮಾ ಆಫೀಸಿಗೆ ಒಯ್ದು ಕೊಡಬೇಕು. ಜೊತೆಗೆ ದನದ ಡಾಕ್ಟರ ಸರ್ಟಿಫಿಕೇಟು, ಸತ್ತದ್ದನ್ನು ಕಣ್ಣಾರೆ ಕಂಡ ಇಬ್ಬರು ಸಹಿ ಹಾಕಿದ ಪಂಚನಾಮೆ. ಅಷ್ಟಾದರೆ ವಿಮೆಯ ಹಣ ಬರುತ್ತಿತ್ತು.

1988ರ ಬೇಸಿಗೆಯಲ್ಲಿ ಅವನು ವಿಮೆಯ ಕಂತು ತುಂಬಿ ಚಿಕ್ಕೋಡಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ದನದ ಸಂತೆಯ ದಲಾಲಿ ಕಾಡಸಿದ್ದ ಸಿಕ್ಕಿದ.

"ಎಷ್ಟ ವರ್ಷ ಆತೋ ಕಂತ ತುಂಬಾಕತ್ತಿ?"

"ನಾಕ ಆತು."

"ತಿರುಗಿ ಏನ್ ಬಂತು?"

"ಎಮ್ಮಿ ಸತ್ತಿಲ್ಲಲ್ಲೋ ಮಾರಾಯಾ. ಏನ್ ಬರತೈತಿ?"

"ಅದಽ ನಾನೂ ಹೇಳೂದು. ಎಮ್ಮಿ ಗಟ್ಟಿಮುಟ್ಟ ಇದ್ದದ್ದಕ್ಕ ದಂಡ ಕಟ್ಟಾಕತ್ತಿ ನೀ. ಮಂದಿ ಎಲ್ಲಾ ರೊಕ್ಕ ತಗೊಂಡಾರ. ಕಿವಿ ಹೋದ್ರ ಎಮ್ಮಿ ಸಾಯೂದಿಲ್ಲ, ಹಾಲೂ ಕಡಿಮಿ ಆಗೂದಿಲ್ಲ."

ಧರೆಪ್ಪನಿಗೆ ಅಂಥ ತೊಂದರೆಯೇನೂ ಇರಲಿಲ್ಲ. ಸಾಲದ ಕಂತು ಸರಿಯಾಗಿ ಹೋಗುತ್ತಿತ್ತು, ಆ ವರ್ಷ ಕಬ್ಬಿನ ಬಿಲ್ಲೂ ಬಂದಿತ್ತು. ಆದರೂ "ದಂಡ" ಎಂಬ ಶಬ್ದ ಅವನ ತಲೆಯಲ್ಲಿ ಕೂತುಬಿಟ್ಟಿತು. ಕಟ್ಟಿದ್ದು ತನ್ನ ಹಣವೇ ತಾನೇ, ತನ್ನದನ್ನು ತಾನು ಹಿಂದಕ್ಕೆ ಪಡೆದರೆ ತಪ್ಪೇನು ಎಂದು ಮನಸ್ಸು ವಾದ ಹೂಡಿತು. ವಾದಕ್ಕೆ ಎದುರಾಡುವವರು ಯಾರೂ ಇರಲಿಲ್ಲ. ಹೆಂಡತಿ ರುಕ್ಮವ್ವ ರಾಯಬಾಗದ ತವರಿಗೆ ಹೋಗಿದ್ದಳು.

ಒಂದು ದಿನ ಮಟಮಟ ಮಧ್ಯಾಹ್ನ ಇಬ್ಬರೂ ಹೊಲದ ಬೇವಿನ ಗಿಡಕ್ಕೆ ಎಮ್ಮೆಯನ್ನು ಬಿಗಿದು ಕಟ್ಟಿದರು. ಕಾಡಸಿದ್ದ ಕೊಂಬು ಹಿಡಿದ. ಕುಡುಗೋಲು ಧರೆಪ್ಪನ ಕೈಯಲ್ಲಿತ್ತು. ದಿನವೂ ಅವನ ಕೈಯಿಂದ ಹಿಂಡಿ ತಿನ್ನುತ್ತಿದ್ದ ಪ್ರಾಣಿ ಅವನನ್ನು ಕಂಡು ಮೂತಿ ಮುಂದೆ ಮಾಡಿತು. ಆಮೇಲೆ ಅದು ಕೂಗಿದ ಕೂಗಿಗೆ ಪಕ್ಕದ ಹೊಲದವರು ಎದ್ದು ನಿಂತು ನೋಡಿದರು. "ಮುಳ್ಳಬೇಲ್ಯಾಗ ಸಿಕ್ಕೈತಿ!" ಎಂದು ಧರೆಪ್ಪ ಕೂಗಿ ಹೇಳಿದ. ಅವನು ಆಡಿದ ಮೊದಲ ಸುಳ್ಳು ಅದು.

ದನದ ಡಾಕ್ಟರು ವರ್ಗವಾಗಿ ಊರು ಬಿಡುವ ಗಡಿಬಿಡಿಯಲ್ಲಿದ್ದರು. ಎಮ್ಮೆಯನ್ನು ಆಗಲೇ ಹೂಳಿದ್ದೇವೆ ಎಂದು ಕಾಡಸಿದ್ದ ಹೇಳಿದ, ಅವರು ನೋಡದೆಯೇ ಬರೆದುಕೊಟ್ಟರು. ಪಂಚನಾಮೆಗೆ ಕಾಡಸಿದ್ದನದೇ ಒಂದು ಸಹಿ. ಇನ್ನೊಬ್ಬರು ಬೇಕಾಗಿತ್ತು. ಗೋಡೆಯಾಚೆ ಜನ್ನತಬಿ ಇದ್ದಳು. ಗಂಡ ತೀರಿಕೊಂಡ ಮೇಲೆ ಒಂದು ಎಮ್ಮೆಯ ಹಾಲು ಮಾರಿ ಮಗಳನ್ನು ಸಾಕುತ್ತಿದ್ದವಳು. ಓದು ಬರಹ ಬರುತ್ತಿರಲಿಲ್ಲ. ಸರಕಾರದ ಯಾವ ಕಾಗದ ಬಂದರೂ ಅದನ್ನು ಓದಿಸಲು ಧರೆಪ್ಪನ ಬಳಿಗೇ ಬರುತ್ತಿದ್ದಳು.

"ಜನ್ನತವ್ವಾ, ಬ್ಯಾಂಕಿನ ಕೆಲಸ ಐತಿ. ಇಲ್ಲೊಂದು ಹೆಬ್ಬಟ್ಟ ಒತ್ತ."

"ನೀ ಒತ್ತು ಅಂದ್ರ ಆತಣ್ಣಾ" ಎಂದು ಅವಳು ರೊಟ್ಟಿಯ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಒತ್ತಿದಳು. ಏನು ಬರೆದಿದೆ ಎಂದು ಕೇಳಲಿಲ್ಲ.

ಬಂದ ಹಣದಲ್ಲಿ ಬಹುಪಾಲನ್ನು ಬ್ಯಾಂಕು ಸಾಲಕ್ಕೆ ಹಿಡಿದುಕೊಂಡಿತು. ಉಳಿದುದರಲ್ಲಿ ಅರ್ಧವನ್ನು ಕಾಡಸಿದ್ದ ಎಣಿಸಿಕೊಂಡು ಹೋದ. ತವರಿನಿಂದ ಬಂದ ರುಕ್ಮವ್ವ ಎಮ್ಮೆಯ ಕಿವಿಯ ಬುಡದಲ್ಲಿ ಮೆತ್ತಿದ್ದ ಅರಿಷಿಣ ನೋಡಿದಳು. ಮುಳ್ಳಬೇಲಿಯ ಕತೆ ಕೇಳಿದಳು. ಮುಳ್ಳು ಅಷ್ಟು ನೆಟ್ಟಗೆ ಕೊಯ್ಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಬ್ಯಾಂಕಿನಿಂದ ಸಾಲ ತೀರಿದ ಕಾಗದ ಬಂದ ದಿನ ಇಷ್ಟೇ ಕೇಳಿದಳು.

"ಇದರ ಹಾಲು ನಾ ಯಾವ ಮಾರಿ ಇಟ್ಕೊಂಡ ಡೈರಿಗಿ ಒಯ್ಲಿ?"

ಊರೆಂದ ಮೇಲೆ ಎಮ್ಮೆಯನ್ನು ಮುಚ್ಚಿಡುವುದು ಎಲ್ಲಿ? ಹಳ್ಳಕ್ಕೆ ನೀರಿಗೆ ಹೊಡೆದುಕೊಂಡು ಹೋಗಲೇಬೇಕು. ಕಿವಿ ಹೋದ ಎಮ್ಮೆಯನ್ನು ಕಂಡವರಿಗೆಲ್ಲ ವಿಮೆಯ ಸಂಗತಿ ತಿಳಿಯಿತು, ಎದುರಿಗೆ ಮಾತ್ರ ಯಾರೂ ಅನ್ನಲಿಲ್ಲ. ಒಂದು ಮುಂಜಾನೆ ಡೈರಿಯಲ್ಲಿ ಕಸ್ತೂರೆವ್ವ ಎಂಬ ಮುದುಕಿಯ ಹಾಲಿನಲ್ಲಿ ಕೊಳವೆ ಇಳಿಬಿಟ್ಟು ಧರೆಪ್ಪ ಎಂದಿನಂತೆ, "ನೀರೈತಿ, ಒಯ್ರಿ" ಎಂದ.

ಮುದುಕಿ ಪಾತ್ರೆ ಎತ್ತಿಕೊಳ್ಳಲಿಲ್ಲ. "ನೀರ ಬೆರಿಸೇನಿ, ಖರೆ ಐತಪಾ. ಆದ್ರ ನನ್ನ ಎಮ್ಮಿ ಜೀವಂತ ಐತಿ. ಸತ್ತ ಎಮ್ಮೀ ಹಾಲ ನಾ ತಂದಿಲ್ಲ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಒಬ್ಬರು ನಗು ತಡೆಯಲಾರದೆ ಗೋಡೆ ಹಿಡಿದುಕೊಂಡರು. ಧರೆಪ್ಪನ ಮುಖ, ಕುತ್ತಿಗೆ, ಕಿವಿ ಎಲ್ಲ ಬಿಸಿಯಾದವು. ಅವನು ಆ ಹಾಲನ್ನು ಕ್ಯಾನಿಗೆ ಸುರಿದ. ಅಂದಿನಿಂದ ಯಾರ ಹಾಲನ್ನೂ ಹಿಂದಕ್ಕೆ ಕಳಿಸಲು ಅವನಿಗೆ ಬಾಯಿ ಬರಲಿಲ್ಲ. ಡೈರಿಯ ಹಾಲು ದಿನದಿನಕ್ಕೆ ತೆಳುವಾಯಿತು.

ಮುಂದಿನ ಮಳೆಗಾಲದಲ್ಲಿ ಗಂಟಲುಬೇನೆ ಬಂದು ಜನ್ನತಬಿಯ ಎಮ್ಮೆ ಸತ್ತಿತು, ನಿಜವಾಗಿಯೇ. ಅದಕ್ಕೂ ವಿಮೆಯಿತ್ತು. ಹೊಸ ಡಾಕ್ಟರು ಬಂದು ನೋಡಿ ಬರೆದುಕೊಟ್ಟರು. ಆದರೆ ವಿಮಾ ಆಫೀಸಿನಿಂದ ಬಂದ ಸಾಹೇಬರು ಊರಲ್ಲಿ ಒಂದು ಸುತ್ತು ಹಾಕಿ, ಹಳ್ಳದ ದಂಡೆಯಲ್ಲಿ ಕಿವಿಯಿಲ್ಲದ ಎಮ್ಮೆಯನ್ನು ಕಂಡು, ಅದು ಯಾರದೆಂದು ವಿಚಾರಿಸಿಕೊಂಡು ಹೋದರು. ಹದಿನೈದು ದಿನದಲ್ಲಿ ಜನ್ನತಬಿಗೆ ಕಾಗದ ಬಂತು. ಅವಳು ಅದನ್ನು ಹಿಡಿದುಕೊಂಡು ಎಂದಿನಂತೆ ಧರೆಪ್ಪನ ಮನೆಗೆ ಬಂದಳು.

"ಏನಂತ ಬರದಾರ ಓದಣ್ಣಾ. ರೊಕ್ಕ ಯಾವಾಗ ಕೊಡ್ತಾರಂತ?"

ಧರೆಪ್ಪ ಓದಿದ. ಈಕೆ ಈ ಹಿಂದೆ, ಬದುಕಿರುವ ಎಮ್ಮೆಯೊಂದು ಸತ್ತಿದೆಯೆಂದು ಪಂಚನಾಮೆಗೆ ಹೆಬ್ಬೆಟ್ಟೊತ್ತಿ ಸುಳ್ಳು ಸಾಕ್ಷಿ ಹೇಳಿದವಳು. ಆದ್ದರಿಂದ ಈಕೆಯ ಅರ್ಜಿಯನ್ನೂ ನಂಬುವಂತಿಲ್ಲ, ತಡೆಹಿಡಿಯಲಾಗಿದೆ, ಆ ಎಮ್ಮೆಯ ಒಡೆಯನ ವಿಚಾರಣೆ ಬೇರೆಯಾಗಿ ನಡೆಯಲಿದೆ ಎಂದಿತ್ತು.

"ಇನ್ನೂ... ತಪಾಸ ನಡದೈತಿ ಅಂತ" ಎಂದ ಅವನು.

"ನೀ ಒಂದ ಸಲ ಚಿಕ್ಕೋಡಿಗಿ ಬಂದ ಹೇಳಣ್ಣಾ. ನಿನ್ನ ಮಾತಿಗಿ ಬೆಲಿ ಕೊಡ್ತಾರ. ಎಮ್ಮಿ ಇಲ್ದ ನಾವು ಏನ್ ತಿನ್ನೂನು?"

ಹೂಂ ಅಂದ. ಹೋಗಲಿಲ್ಲ. ಅವಳು ಮತ್ತೆ ಬಂದಾಗ ಹಿತ್ತಲ ಬಾಗಿಲಿನಿಂದ ಹೊಲಕ್ಕೆ ನಡೆದ. ಜನ್ನತಬಿ ಮಗಳ ಶಾಲೆ ಬಿಡಿಸಿ, ಇಬ್ಬರೂ ನಿಪ್ಪಾಣಿಯ ತಂಬಾಕಿನ ವಖಾರಿಗೆ ಕೂಲಿಗೆ ಹೋಗುವುದೆಂದು ಗಂಟು ಕಟ್ಟಿದಳು. ಸುದ್ದಿ ತಿಳಿದ ರುಕ್ಮವ್ವ ಒಲೆ ಆರಿಸಿ ಬಂದು ಗಂಡನೆದುರು ನಿಂತಳು.

"ನೀವ ಹೋಗ್ತೀರೋ, ನಾ ಹೋಗಿ ಹೇಳ್ಲೋ? ನಾ ಹೋದ್ರ ಅಲ್ಲಿಂದ ಹಂಗಽ ರಾಯಬಾಗದ ಬಸ್ ಹತ್ತತೀನಿ. ತಿರುಗಿ ಬರಾಂಗಿಲ್ಲ."

ಮರುದಿನ ಅವನು ಜನ್ನತಬಿಯನ್ನು ಕರೆದುಕೊಂಡು ಚಿಕ್ಕೋಡಿಗೆ ಹೋದ. ದಾರಿಯಲ್ಲೇ ಅವಳಿಗೆ ಹೇಳಬೇಕೆಂದು ಬಸ್ಸಿನಲ್ಲಿ ಬಾಯಿ ತೆರೆದ, ಆಗಲಿಲ್ಲ. ಅವಳು ಅವನಿಗೆಂದು ಕಟ್ಟಿಕೊಂಡು ಬಂದ ರೊಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಸಾಹೇಬರ ಟೇಬಲ್ಲಿನೆದುರು ಇಬ್ಬರೂ ನಿಂತರು. ಸಾಹೇಬರು ಅವಳನ್ನು ನೋಡಿ ಮುಖ ಗಂಟಿಕ್ಕಿದರು. ಅವರು ಬಾಯಿ ತೆರೆಯುವ ಮೊದಲೇ ಧರೆಪ್ಪ ಹೇಳಿದ.

"ಸಾಹೇಬ್ರ, ಈಕಿ ಸುಳ್ಳ ಸಾಕ್ಷಿ ಅಂತ ಕಾಗದದಾಗ ಬರದೀರಲ್ರಿ, ಈಕಿದು ತಪ್ಪಿಲ್ರಿ. ಎಮ್ಮಿ ನಂದು. ಕಿವಿ ನಾನಽ ಕೊಯ್ದೇನ್ರಿ. ಬ್ಯಾಂಕಿನ ಕಾಗದ ಅಂತ ಸುಳ್ಳ ಹೇಳಿ ಈಕೀ ಹೆಬ್ಬಟ್ಟ ಒತ್ತಿಸಿಕೊಂಡೇನ್ರಿ. ಈಕೀ ಎಮ್ಮಿ ಖರೇನ ಸತ್ತೈತಿ."

ಗುಮಾಸ್ತರೆಲ್ಲ ಕೆಲಸ ನಿಲ್ಲಿಸಿ ನೋಡಿದರು. ಸಾಹೇಬರು ಪೆನ್ನು ಕೆಳಗಿಟ್ಟರು.

"ಯಾಕೆ ಮಾಡಿದಿರಿ? ಅನ್ನಕ್ಕಿರಲಿಲ್ಲವಾ?"

"ಇತ್ರಿ. ಕಟ್ಟಿದ ಕಂತು ಸುಮ್ಮನ ಹೋಗತೈತಿ ಅಂತ..."

"ಸುಮ್ಮನೆ ಹೋಗ್ತದೇನ್ರೀ? ನಿಮ್ಮ ಎಮ್ಮೆ ಬದುಕಿದ್ದ ವರ್ಷಗಳ ಹಣ, ಎಮ್ಮೆ ಕಳಕೊಂಡ ಇಂಥವರಿಗೆ ಹೋಗ್ತದೆ. ಅದಕ್ಕೇ ವಿಮೆ ಅನ್ನೋದು."

ಧರೆಪ್ಪ ಹೇಳಿಕೆ ಬರೆದುಕೊಟ್ಟು ಸಹಿ ಹಾಕಿದ. ಹೊರಗೆ ಬಂದಾಗ, ಅವನಿಗಿಂತ ಮೊದಲೇ ಎದ್ದು ಬಂದಿದ್ದ ಜನ್ನತಬಿ ಕಟ್ಟೆಯ ಮೇಲೆ ಕೂತಿದ್ದಳು.

"ನಾ ಸುಳ್ಳ ಸಾಕ್ಷಿ ಅಂತ ಬರದಿದ್ದು, ಆವತ್ತಽ ಓದಿದ್ದಿ ನೀ?"

"ಹೂಂ."

"ಓದಿ, ತಪಾಸ ನಡದೈತಿ ಅಂದಿ."

ಅವಳು ಅತ್ತಳು, ಬಯ್ಯಲಿಲ್ಲ. ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಒಬ್ಬಳೇ ಹತ್ತಿ ಹೋದಳು. ಆ ದಿನದಿಂದ ಅವಳ ಬಾಯಲ್ಲಿ ಅವನು "ಅಣ್ಣಾ" ಆಗಲಿಲ್ಲ. ಮಾತಾಡಬೇಕಾಗಿ ಬಂದರೆ "ಧರೆಪ್ಪನವರ, ಸ್ವಲ್ಪ ದಾರಿ ಬಿಡ್ರಿ" ಎನ್ನುತ್ತಿದ್ದಳು. ಆ "ರಿ" ಕೇಳುವುದಕ್ಕಿಂತ ಬೈಸಿಕೊಳ್ಳುವುದೇ ಮೇಲೆಂದು ಅವನಿಗೆ ಅನಿಸುತ್ತಿತ್ತು.

ವಿಮೆಯವರು ಧರೆಪ್ಪನಿಂದ ಹಣವನ್ನು ಬಡ್ಡಿಸಹಿತ ಹಿಂದಕ್ಕೆ ಪಡೆದರು. ಪೊಲೀಸರು ಅವನನ್ನೂ ಕಾಡಸಿದ್ದನನ್ನೂ ಠಾಣೆಗೆ ಕರೆಸಿ ಕೂರಿಸಿದರು. ಹಣ ತಿರುಗಿ ಬಂದಿದ್ದರಿಂದ ಪ್ರಕರಣ ಮುಂದೆ ಹೋಗಲಿಲ್ಲ. ಡೈರಿಯ ಕೆಲಸವನ್ನು ಅವನೇ ಬಿಟ್ಟ. ದೀಪಾವಳಿಯ ಹೊತ್ತಿಗೆ ಜನ್ನತಬಿಗೆ ಅವಳ ಹಣ ಬಂತು, ಹೊಸ ಎಮ್ಮೆಯೂ ಬಂತು. ಅಲ್ಲಿಯ ತನಕ ತಾಯಿಯೊಡನೆ ಕೂಲಿಗೆ ಹೋದ ಮಗಳಿಗೆ ತಿಂಗಳುಗಟ್ಟಲೆ ಶಾಲೆ ತಪ್ಪಿತ್ತು, ಆ ಸಲ ನಪಾಸಾದಳು. ಅದೊಂದನ್ನು ಧರೆಪ್ಪ ಯಾವ ಬಡ್ಡಿ ಸೇರಿಸಿಯೂ ತಿರುಗಿ ಕೊಡುವಂತಿರಲಿಲ್ಲ.

ವರ್ಷಗಳು ಹೋದವು. 1996ರಲ್ಲಿ ಡೈರಿಗೆ ಹೊಸ ಆಡಳಿತ ಮಂಡಳಿ ಆರಿಸುವಾಗ, ಹೊಸ ಹುಡುಗರು ಧರೆಪ್ಪನೇ ಅಧ್ಯಕ್ಷನಾಗಲಿ ಎಂದರು. ಅವರಲ್ಲಿ ಹಲವರಿಗೆ ಹಳೆಯದು ಗೊತ್ತಿರಲಿಲ್ಲ. ಗೊತ್ತಿದ್ದವರಿಗೂ ನೆನಪು ಮಾಸಿತ್ತು. ಧರೆಪ್ಪ ಎದ್ದು ಕೈ ಮುಗಿದು, ಬೇರೆಯವರನ್ನು ನೋಡಿಕೊಳ್ಳಿ ಎಂದು ಸಭೆಯಿಂದ ಹೊರಟುಬಿಟ್ಟ.

ಮನೆಯಲ್ಲಿ ರುಕ್ಮವ್ವ ಕೇಳಿದಳು. "ಮಂದಿ ಎಲ್ಲಾ ಮರತಾರ. ನೀವರೆ ಎಷ್ಟ ದಿನ ಹಿಡ್ಕೊಂಡ ಕುಂಡ್ರತೀರಿ?"

"ಮಂದಿ ನಗತಿದ್ರು ನೋಡು, ಆವಾಗ ಅರ್ಧಾ ನಾಚಿಕಿ ಅವರ ಕಡಿ ಇತ್ತು" ಎಂದ ಧರೆಪ್ಪ. "ಈಗ ಅವರು ಮರತಾರ. ಎಲ್ಲಾ ನನ್ನ ಕಡೇನ ಐತಿ."

ರುಕ್ಮವ್ವ ತಾಟು ಇಟ್ಟು, ಊಟಕ್ಕೆ ಕರೆದಳು.