ನಾನು ‘ಹೋಗಿ’ ಅನ್ನುವ ಮೊದಲು

ಬೇಟೆಯ ಸುರಕ್ಷತಾ ತರಗತಿಗೆ ಆಸೆಪಟ್ಟು ಹೆಸರು ಕೊಟ್ಟವರು ನಮ್ಮವರು. ನಾನು ಜೊತೆಗೆ ಹೋದದ್ದು ಮನೆಯಿಂದ ಹೊರಬಿದ್ದರೆ ಸಾಕು ಎಂದು. ಕೋವಿಡ್ ಕಾಲದಲ್ಲಿ ಅಮೆರಿಕದ ಕ್ಯಾರಿ ಎಂಬ ಊರಿನ ನಮ್ಮ ಮನೆಯೊಳಗೇ ಕೂತು ಲ್ಯಾಪ್‌ಟಾಪ್ ನೋಡಿ ನೋಡಿ ತಲೆ ಕೆಟ್ಟಿತ್ತು. ನಮ್ಮವರ ಆಫೀಸಿನ ಗೆಳೆಯರೊಬ್ಬರು ತಮ್ಮ ಜಮೀನಿಗೆ ಜಿಂಕೆ ಬೇಟೆಗೆ ಕರೆದಿದ್ದರು. ಈ ಸಲ ಹಲಾಲ್ ಜಿಂಕೆಯ ಬಿರಿಯಾನಿ ಎಂದು ಇವರು ಆಗಲೇ ಪರಿಚಯದವರಿಗೆಲ್ಲ ಡಂಗುರ ಸಾರಿಯಾಗಿತ್ತು.

ಮೈಸೂರಿನ ವಸ್ತುಪ್ರದರ್ಶನದಲ್ಲಿ ಬಲೂನಿಗೆ ಹೊಡೆದದ್ದು ಬಿಟ್ಟರೆ ನಾನು ಬಂದೂಕು ಮುಟ್ಟಿದವಳಲ್ಲ. ಆದರೂ ಆ ತರಗತಿ ನನಗೆ ಹಿಡಿಸಿಬಿಟ್ಟಿತು. ಬಂದೂಕಿನಲ್ಲಿ ಗುಂಡು ಇದೆ ಎಂದೇ ಯಾವಾಗಲೂ ತಿಳಿಯಬೇಕು. ಗುರಿಯ ಹಿಂದೆ ಏನಿದೆ ಎಂದು ನೋಡದೆ ಹೊಡೆಯಬಾರದು. ಹೊಡೆಯುವ ಗಳಿಗೆಯವರೆಗೆ ಬೆರಳು ಟ್ರಿಗರಿನಿಂದ ಹೊರಗಿರಬೇಕು. ಮನೆ, ಮಕ್ಕಳು, ಮೀಟಿಂಗು ಎಂದು ಎಲ್ಲ ಕಡೆ ಓಡಾಡಿ ಸುಸ್ತಾಗಿದ್ದ ನನಗೆ, ಸುಮ್ಮನೆ ಕೂರುವುದೇ ಒಂದು ವಿದ್ಯೆಯಾಗಿದ್ದ ಜಾಗ ಸಿಕ್ಕಿತ್ತು. ಈ ದೇಶಕ್ಕೆ ಬಂದಮೇಲೆ ನನ್ನದು ಅನ್ನಿಸಿದ ಮೊದಲ ಸಂಗತಿ ಅದು.

ಕಾಗದದ ಗುರಿಗೆ ಹೊಡೆಯುವ ದಿನ ನನ್ನ ಗುಂಡುಗಳು ಒಂದರ ಪಕ್ಕ ಒಂದು ಕೂತವು. ನಮ್ಮವರ ಗುಂಡು ಕಾಗದವನ್ನೇ ಮುಟ್ಟಲಿಲ್ಲ.

“ಕಣ್ಣಿಗೆ ಬಿಸಿಲು ಹೊಡೀತು ಕಣೇ,” ಎಂದರು. ಆಕಾಶದ ತುಂಬ ಮೋಡವಿತ್ತು.

ಹಾಗಾಗಿ ಹೊಡೆಯುವವಳು ನಾನು, ಜಿಬಾ ಮಾಡುವವರು ಅವರು ಎಂದು ತೀರ್ಮಾನವಾಯಿತು. ತೊಡಕು ಇದ್ದದ್ದು ಅಲ್ಲೇ. ಬೇರೆಯವರು ಬೇರೆ ಹೇಳಬಹುದು, ನಮ್ಮಿಬ್ಬರ ಮನೆಗಳಲ್ಲಿ ಕಲಿಸಿದ್ದು ಒಂದೇ: ಗುಂಡಿಗೆ ಬಿದ್ದ ಪ್ರಾಣಿಗೆ ಇನ್ನೂ ಜೀವ ಇರುವಾಗಲೇ ಬಿಸ್ಮಿಲ್ಲಾ ಹೇಳಿ ಕುತ್ತಿಗೆ ಕುಯ್ಯಬೇಕು, ಇಲ್ಲದಿದ್ದರೆ ಆ ಮಾಂಸ ನಮಗಲ್ಲ. ತರಗತಿಯಲ್ಲಿ ಕಲಿಸಿದ್ದು ಅದಕ್ಕೆ ತದ್ವಿರುದ್ಧ: ಪ್ರಾಣಿ ಬಿದ್ದರೂ ಕೂತಲ್ಲಿಂದ ಏಳಬೇಡಿ, ಕಾಯಿರಿ. ನಾನು ಕೈ ಎತ್ತಿ ಇದನ್ನು ಕೇಳಿಯೇಬಿಟ್ಟೆ. ಪಾಠ ಹೇಳುತ್ತಿದ್ದ ಹಿರಿಯರು ನಗಲಿಲ್ಲ. ಬೇಗ ಹೋಗಲೇಬೇಕಾದರೆ ಮೊದಲು ಬಂದೂಕಿನ ಗುಂಡು ತೆಗೆಯಿರಿ, ತೆಗೆದವರು ಬಾಯಿಬಿಟ್ಟು ಹೇಳಲಿ, ಆಮೇಲೆ ಇನ್ನೊಬ್ಬರು ಏಳಲಿ ಎಂದರು. ನಾನು ‘ಹೋಗಿ’ ಅಂದಮೇಲೆ ಹೋಗುವುದು ಎಂದು ನಾವು ಮಾತಾಡಿಕೊಂಡೆವು. ಆ ವಾರವೆಲ್ಲ ಕಾರಿನಲ್ಲಿ ಅದೇ ಮಾತು.

ಬೇಟೆಯ ದಿನ ಬೆಳಗ್ಗೆ ಸೋಯಾಬೀನ್ ಹೊಲದಂಚಿನಲ್ಲಿ ಅಕ್ಕಪಕ್ಕ ಕೂತಿದ್ದೆವು. ಇಬ್ಬರೂ ನಿಯಮದಂತೆ ಕಣ್ಣು ಕುಕ್ಕುವ ಕಿತ್ತಳೆ ಅಂಗಿ ತೊಟ್ಟಿದ್ದೆವು. ಜಿಂಕೆ ಬಂತು. ಬಿಸ್ಮಿಲ್ಲಾ ಎಂದು ಹೊಡೆದೆ. ಬಿತ್ತು. ಕಲಿಸಿದ್ದ ಹಾಗೆ ಇನ್ನೊಂದು ಗುಂಡು ಏರಿಸಿ ಸ್ಕೋಪಿನಲ್ಲಿ ಕಣ್ಣಿಟ್ಟೆ. ಜಿಂಕೆ ಮುಂಗಾಲೂರಿ ಏಳತೊಡಗಿತು. ಅದು ನರಳುವುದು ಬೇಡ ಎಂದು ಬೆರಳನ್ನು ಟ್ರಿಗರಿಗೆ ತಂದೆ.

ಸ್ಕೋಪಿನ ತುಂಬ ಕಿತ್ತಳೆ ಬಣ್ಣ.

ಪಕ್ಕದಲ್ಲಿದ್ದಾರೆ ಎಂದುಕೊಂಡಿದ್ದ ನಮ್ಮವರು ಚಾಕು ಹಿಡಿದು ಓಡುತ್ತಿದ್ದರು. ಜಿಂಕೆಯ ಉಸಿರು ನಿಂತುಬಿಟ್ಟರೆ ಎಂಬ ಅವಸರ ಅವರಿಗೆ. ಬೆರಳನ್ನು ಹೇಗೆ ಹಿಂದಕ್ಕೆ ತೆಗೆದೆನೋ ಗೊತ್ತಿಲ್ಲ. ಬಂದೂಕಿನ ಗುಂಡು ತೆಗೆಯುವಾಗ ಕೈ ಗಡಗಡ ನಡುಗುತ್ತಿತ್ತು.

“ಸಿಕ್ತು! ಇನ್ನೂ ಜೀವ ಇತ್ತು ಕಣೇ, ಟೈಮಿಗೆ ಸರಿಯಾಗಿ ರೀಚ್ ಆದೆ!” ಎಂದು ಅಲ್ಲಿಂದ ಕೂಗಿದರು.

“ನಾನ್ ‘ಹೋಗಿ’ ಅಂದ್ನಾ? ಅಂದ್ನಾ ನಾನು?” ಎಂದು ಕಿರುಚಿದೆ.

“ಏನೂ ಆಗ್ಲಿಲ್ವಲ್ಲ, ಯಾಕ್ ಇಷ್ಟೊಂದ್ ಪ್ಯಾನಿಕ್ ಮಾಡ್ತೀಯಾ?”

ಬಿರಿಯಾನಿ ಚೆನ್ನಾಗಿತ್ತಂತೆ. ಬಂದವರೆಲ್ಲ ಕೈ ನೆಕ್ಕಿಕೊಂಡು ತಿಂದರು. ಇವರು ಓಡಿದ ಕಥೆ ಬಿರಿಯಾನಿಯ ಜೊತೆಗೇ ಬಡಿಸಲ್ಪಟ್ಟಿತು. ನನಗೆ ಒಂದು ತುತ್ತೂ ಇಳಿಯಲಿಲ್ಲ.

ಮರುವರ್ಷ ಅಭ್ಯಾಸಕ್ಕೆಂದು ಹೋಗಿ ರೈಫಲ್ಲಿಗೆ ಕೆನ್ನೆ ಇಟ್ಟೆ. ಕಾಗದ ಕಾಣಲಿಲ್ಲ, ಓಡುವ ಬೆನ್ನು ಕಂಡಿತು. ಮತ್ತೆ ಪ್ರಯತ್ನಿಸಿದೆ, ಮತ್ತೆ ಅದೇ. ರೈಫಲ್ಲನ್ನು ಕೆಳಗಿಟ್ಟು ಮನೆಗೆ ಬಂದೆ. ಕಲಿತದ್ದನ್ನು ಚಾಚೂ ತಪ್ಪದೆ ಮಾಡಿದವಳು ನಾನು, ಬೇಟೆ ಬಿಟ್ಟವಳೂ ನಾನೇ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆ ಹೊಲದಂಚಿನ ಮೌನ ಬೇಕು ಅನ್ನಿಸುತ್ತದೆ, ಕೈ ಒಪ್ಪುವುದಿಲ್ಲ.

ಇವರು ಮಾತ್ರ ಕಲಿತುಕೊಂಡರು. ಈಗ ಗೆಳೆಯರ ಜೊತೆ ಹೋಗುತ್ತಾರೆ, ಅವರು ಹೇಳುವವರೆಗೂ ಕಾಯುತ್ತಾರೆ. ಚಳಿ ಶುರುವಾದರೆ ನನ್ನನ್ನೂ ಕರೆಯುತ್ತಾರೆ.

“ಬಾರೇ, ನಿನ್ ಥರ ಶೂಟ್ ಮಾಡೋರು ನಮ್ ಗ್ರೂಪಲ್ಲಿ ಯಾರೂ ಇಲ್ಲ. ಪಾಪ ಅನ್ಸುತ್ತಾ ಜಿಂಕೆ ನೋಡಿದ್ರೆ?”

“ಹೂಂ ರೀ, ಪಾಪ ಅನ್ಸುತ್ತೆ,” ಎನ್ನುತ್ತೇನೆ.

ಹಾಗೇ ತಿಳಿದಿರಲಿ. ಆ ಬೆಳಗ್ಗೆ ನನ್ನ ಬೆರಳು ಆಗಲೇ ಒತ್ತಲು ಶುರುಮಾಡಿತ್ತು ಎಂದು ಹೇಳಿದರೆ ಅವರ ಕೈಯೂ ನಡುಗತೊಡಗುತ್ತದೆ. ಒಂದು ಮನೆಯಲ್ಲಿ ಒಬ್ಬರು ಬಿಟ್ಟರೆ ಸಾಕು.